ಬುಟ್ಟಿಯೊಳಗೆ ಬೆಂದ ಮಕಾಂಡೆ

ಇದ್ದಿಲು ಮತ್ತೆ ತುಟ್ಟಿಯಾಗಿತ್ತು. ಮ್ವಾಂಗಾ ಊರಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಗಾದರೆ ಇದೇ ಮಾತು. ಬಸ್ಸಿನ ಕಿಟಕಿಗೆ ಬಾಳೆಹಣ್ಣು ಎತ್ತಿ ಹಿಡಿಯುವವಳು, ಚಪಾತಿ ಸುಡುವವಳು, ಚಹಾ ಕಾಸುವವನು, ಎಲ್ಲರೂ ಡಬ್ಬಿ ಹಿಡಿದು ಇದ್ದಿಲಂಗಡಿಯ ಮುಂದೆ ನಿಂತು ಗೊಣಗುತ್ತಿದ್ದರು. ಎಣ್ಣೆ ಏರಿತು, ಸಕ್ಕರೆ ಏರಿತು, ಹೇಗೋ ಹಲ್ಲು ಕಚ್ಚಿ ತಡೆದುಕೊಂಡೆವು. ಈಗ ಒಲೆಯ ಬೆಂಕಿಯೇ ತುಟ್ಟಿಯಾದರೆ ಬಡವರು ಏನು ಬೇಯಿಸಿ ತಿನ್ನಬೇಕು, ನೀವೇ ಹೇಳಿ.

ಎಲ್ಲರಿಗಿಂತ ಜೋರು ಪೆಟ್ಟು ಬಿದ್ದದ್ದು ನಕುಂದ್ವಳಿಗೆ. ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ತಗಡಿನ ಮಾಡು ಹಾಕಿ ಊಟ ಮಾರುವವಳು ಅವಳು. ಮಾರುವುದು ಒಂದೇ ಊಟ, ಮಕಾಂಡೆ. ಸಿಪ್ಪೆ ತೆಗೆದ ಮುಸುಕಿನ ಜೋಳವನ್ನೂ ಕೆಂಪು ಬೀನ್ಸ್ ಕಾಳನ್ನೂ ಒಟ್ಟಿಗೆ ಮೆತ್ತಗೆ ಬೇಯಿಸಿ, ಈರುಳ್ಳಿ ಹಾಕಿ, ತೆಂಗಿನ ಹಾಲು ಹಿಂಡಿದರೆ ನಮ್ಮ ಪಾರೆ ಗುಡ್ಡದ ಜನಕ್ಕೆ ಬೇರೇನೂ ಬೇಡ. ಆದರೆ ಆ ಜೋಳ, ಆ ಕಾಳು ಬೇಗ ಬಗ್ಗುವ ಜಾತಿಯಲ್ಲ. ಬೆಳಗಿನ ಜಾವ ಒಲೆಗೇರಿದ ಪಾತ್ರೆ ನೆತ್ತಿಯ ಮೇಲೆ ಬಿಸಿಲು ಬರುವವರೆಗೂ ಕುದಿಯುತ್ತಿರುತ್ತದೆ. ಅಷ್ಟು ಹೊತ್ತೂ ಇದ್ದಿಲು ನುಂಗುತ್ತಿರುತ್ತದೆ.

ಆ ಪಾತ್ರೆಯ ಪಕ್ಕದಲ್ಲಿ ಮೂರು ಕಾಲಿನ ಮಣೆಯ ಮೇಲೆ ನಕುಂದ್ವಳ ಅತ್ತೆ ನಾಂಪೊಂಬೆ ಕೂತಿರುತ್ತಿದ್ದಳು. ಮಂಡಿ ಕೈಕೊಟ್ಟ ಮೇಲೆ ಹೊಲಕ್ಕೆ ಹೋಗುವುದು ನಿಂತಿತ್ತು. ಪಾತ್ರೆ ಕಾಯುವುದೊಂದೇ ಅವಳ ಕೆಲಸ. ಮುಚ್ಚಳ ಎತ್ತುವುದು, ತಿರುವುವುದು, ಒಂದು ಕಾಳನ್ನು ಬೆರಳ ನಡುವೆ ಒತ್ತಿ ನೋಡುವುದು, ಒಂದು ಸೌಟು ನೀರು ಸುರಿಯುವುದು, ಮತ್ತೆ ಮುಚ್ಚುವುದು. ನಮ್ಮ ಕಡೆ ಮಕಾಂಡೆ ಪಾತ್ರೆ ಬಿಟ್ಟು ಎದ್ದು ಹೋದ ಹೆಂಗಸನ್ನು ಅಡಿಗೆಯವಳು ಅಂತ ಯಾರೂ ಕರೆಯುವುದಿಲ್ಲ. ಸೊಸೆ ಬಂದ ಹೊಸದರಲ್ಲಿ ಅತ್ತೆ ಕಲಿಸಿದ ಮೊದಲ ಪಾಠವೂ ಅದೇ.

ಒಂದು ಬುಧವಾರ ರಸ್ತೆ ಕೆಲಸದ ಮೇಸ್ತ್ರಿ ಕಿಯಾಂಗಿ ಬಂದ. ಮೈತುಂಬ ಡಾಂಬರಿನ ವಾಸನೆ.

"ಶಿಕಾಮೂ, ಅಜ್ಜಿ," ಎಂದು ಮೊದಲು ಹಿರಿಯಳಿಗೆ ತಲೆ ಬಾಗಿಸಿ ನಮಸ್ಕರಿಸಿದ.

"ಮರಹಬಾ ಕಣಪ್ಪ. ಕೂತ್ಕೋ."

"ಕೂರೋಕೆ ಪುರಸೊತ್ತಿಲ್ಲ. ನಕುಂದ್ವಕ್ಕ, ರಸ್ತೆ ಕೆಲಸ ಮುಗಿಯೋವರೆಗೂ ನನ್ನ ಆಳುಗಳಿಗೆ ದಿನಾ ಮಧ್ಯಾಹ್ನ ಊಟ ಬೇಕು. ಇಪ್ಪತ್ತೈದು ತಟ್ಟೆ. ಆದ್ರೆ ಹಳೇ ರೇಟೇ. ಅವರಿಗೂ ಮನೆ ಮಠ ಇದೆ, ಎಲ್ಲಾ ತುಟ್ಟಿ. ನೀನು ಹೆಚ್ಚು ಕೇಳಿದ್ರೆ ಆಚೆ ಬದಿ ಉಗಾಲಿ ಮುದ್ದೆ ಅಂಗಡಿಗೆ ಹೋಗ್ತೀವಿ. ಸೋಮವಾರದಿಂದ ಶುರು. ಅದಕ್ಕೆ ಮುಂಚೆ ಶನಿವಾರ ಒಂದ್ಸಲ ರುಚಿ ನೋಡೋಕೆ ಬರ್ತೀನಿ."

ಅವನು ಹೋದ ಮೇಲೆ ನಕುಂದ್ವ ಒಲೆಯ ಮುಂದೆ ಕೈಕಟ್ಟಿ ನಿಂತಳು. ಒಳಗೊಳಗೇ ಹಿಗ್ಗು, ಅದರ ಹಿಂದೆಯೇ ದಿಗಿಲು. ಇಪ್ಪತ್ತೈದು ತಟ್ಟೆ ದಿನಾ ಹೋದರೆ ಅಂಗಡಿ ಉಳಿಯುತ್ತದೆ. ಹಳೇ ರೇಟಿಗೆ ಕೊಟ್ಟರೆ ಬಂದದ್ದೆಲ್ಲ ಇದ್ದಿಲಿಗೆ ಹೋಗುತ್ತದೆ. ಬೇಡ ಅಂದರೆ ಈಗಿರುವ ನಾಲ್ಕು ಗಿರಾಕಿಗಳನ್ನು ನಂಬಿಕೊಂಡು ಬರುವ ತಿಂಗಳ ಜಾಗದ ಬಾಡಿಗೆ ಕಟ್ಟಲಾಗದೆ ತಗಡು ಬಿಚ್ಚಿಕೊಂಡು ಮನೆಗೆ ಹೋಗುವುದೇ ಸೈ.

ಗುರುವಾರ ಹೆಂಗಸರ ಸಂಘದ ಸಭೆ. ನಕುಂದ್ವ ಅತ್ತೆಯನ್ನೂ ಕರೆದುಕೊಂಡು ಹೋದಳು. ಅಲ್ಲಿ ಸಂಘದ ಕಾರ್ಯಕರ್ತೆ ಅನಾಯೆಲಿ ಒಂದು ದೊಡ್ಡ ಬಿದಿರಿನ ಬುಟ್ಟಿ ಹೊತ್ತು ಬಂದಿದ್ದಳು. ಒಳಗೆ ಸುತ್ತಲೂ ದಪ್ಪಗೆ ಒಣ ಬಾಳೆಲೆ, ಅದರ ಮೇಲೆ ಹಳೇ ಕಂಬಳಿ, ಮೇಲೆ ಮುಚ್ಚುವುದಕ್ಕೆ ಹಳೇ ಬಟ್ಟೆ ತುಂಬಿದ ದಿಂಬು.

"ಇದು ಒಲೆ," ಅಂದಳು ಅನಾಯೆಲಿ.

ಹೆಂಗಸರು ಮುಖ ಮುಖ ನೋಡಿಕೊಂಡರು.

"ಬೆಂಕಿ ಎಲ್ಲಿ?" ಅಂತ ಅತ್ತೆ ಕೇಳಿದಳು.

"ಬೆಂಕಿ ಬೇಡ ಅಜ್ಜಿ. ಅಂದ್ರೆ, ಮೊದಲು ಸ್ವಲ್ಪ ಹೊತ್ತು ಬೇಕು. ಹಿಂದಿನ ದಿನ ಸಾಯಂಕಾಲಾನೇ ಜೋಳ, ಕಾಳು ನೆನೆಹಾಕಿ. ಬೆಳಿಗ್ಗೆ ಪಾತ್ರೆ ತುಂಬಾ ಇಟ್ಟು ಒಂದು ಗಂಟೆ ಗಳಗಳ ಅಂತ ಕುದಿಸಿ. ಕುದೀತಾ ಇರೋ ಹಾಗೇನೇ ಇಳಿಸಿ, ಈ ಬುಟ್ಟಿಯೊಳಗೆ ಇಟ್ಟು, ದಿಂಬು ಮುಚ್ಚಿ ಬಿಟ್ಬಿಡಿ. ಮಧ್ಯಾಹ್ನಕ್ಕೆ ತೆಗೀರಿ. ಬೆಂದಿರುತ್ತೆ."

"ಕಂಬಳಿ ಹೊದಿಸಿ ಮಲಗಿಸಿದ್ರೆ ಕಾಳು ಬೇಯುತ್ತಾ?" ಅತ್ತೆ ಎಲ್ಲರ ಕಡೆ ತಿರುಗಿದಳು. "ನಾನು ದಿನಾ ಕಂಬಳಿ ಹೊದ್ದು ಮಲಗ್ತೀನಲ್ಲ, ನಾನ್ಯಾಕೆ ಇನ್ನೂ ಬೆಂದಿಲ್ಲ?"

"ನಿಮ್ಮನ್ನ ಮೊದಲು ಒಂದು ಗಂಟೆ ಕುದಿಸ್ಬೇಕಲ್ಲ ಅಜ್ಜಿ," ಅಂದಳು ಅನಾಯೆಲಿ.

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡಳು.

ನಕುಂದ್ವಳಿಗೆ ನಗು ಬರಲಿಲ್ಲ. ಅವಳ ಕಣ್ಣು ಬುಟ್ಟಿಯ ಮೇಲೇ ನೆಟ್ಟಿತ್ತು. "ಅದು ಹೇಗೆ ಬೇಯುತ್ತೆ ಅನಾಯೆಲಿ? ಸರಿಯಾಗಿ ಹೇಳು."

"ನೋಡು, ಪಾತ್ರೆ ಒಂದ್ಸಲ ಕುದಿ ಬಂದ್ಮೇಲೂ ಕೆಳಗೆ ಇದ್ದಿಲು ಯಾಕೆ ಸುರೀತೀವಿ? ಪಾತ್ರೆಯ ಬಿಸಿ ಸುತ್ತಲೂ ಗಾಳಿಗೆ ಹೋಗ್ತಾ ಇರುತ್ತೆ. ಹೋದಷ್ಟನ್ನ ತುಂಬೋಕೆ ನಾವು ದುಡ್ಡು ಸುಡ್ತೀವಿ. ಬಿಸಿ ಹೊರಗೆ ಹೋಗೋದನ್ನೇ ತಡೆದ್ರೆ? ಕಾಳಿಗೆ ಬೇಕಾಗಿರೋದು ಬೆಂಕಿ ಅಲ್ಲ, ಬಿಸಿ."

ನಕುಂದ್ವ ಮರುದಿನವೇ ಬುಟ್ಟಿ ಕೊಂಡಳು. ಬಾಳೆಲೆ ಪಕ್ಕದ ತೋಟದ್ದು, ಕಂಬಳಿ ಮನೆಯದು, ದಿಂಬಿಗೆ ಉಟ್ಟು ಹರಿದ ಕಾಂಗಾ ಬಟ್ಟೆಗಳು. ಶನಿವಾರ ಬೆಳಿಗ್ಗೆ ಅನಾಯೆಲಿ ಹೇಳಿದ ಹಾಗೇ ಕುದಿಸಿ, ಬುಟ್ಟಿಯಲ್ಲಿಟ್ಟು, ಗಟ್ಟಿಯಾಗಿ ಮುಚ್ಚಿ, ಈರುಳ್ಳಿ ತೆಂಗಿನಕಾಯಿ ತರಲು ಸಂತೆಗೆ ಓಡಿದಳು. ಹೋಗುವಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇದೊಂದು ಕೈಗೂಡಿದರೆ ಸಾಕು ದೇವರೇ ಎನ್ನುತ್ತಲೇ ತೆಂಗಿನಕಾಯಿ ಆರಿಸಿದಳು.

ಮಧ್ಯಾಹ್ನ ಕಿಯಾಂಗಿ ಬಂದು ಕೂತ. ನಕುಂದ್ವ ಬುಟ್ಟಿ ತೆರೆದು, ಅವಸರದಲ್ಲಿ ಒಂದು ತಟ್ಟೆ ಬಡಿಸಿ, ಮೇಲೆ ತೆಂಗಿನ ಹಾಲು ಹಿಂಡಿ, ಮುಂದಿಟ್ಟಳು. ಅವನು ಒಂದು ತುತ್ತು ಬಾಯಿಗಿಟ್ಟು ಅಗಿದ. ಇನ್ನೂ ಅಗಿದ. ಕಟಕ್ ಅಂದಿತು.

"ಅಕ್ಕ," ಎಂದ ಮೆಲ್ಲಗೆ, "ಇದು ಊಟಾನಾ, ಜಲ್ಲಿನಾ? ಜಲ್ಲಿ ನಮ್ಮತ್ರ ಲಾರಿಗಟ್ಟಲೆ ಇದೆ."

ಸುತ್ತ ಕೂತಿದ್ದ ಬಾಡಿಗೆ ಬೈಕಿನ ಹುಡುಗರು ಗೊಳ್ಳೆಂದರು. ನಕುಂದ್ವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಿಯಾಂಗಿ ಒಳ್ಳೆಯವನು, ದುಡ್ಡು ಇಟ್ಟೇ ಎದ್ದ. "ಸೋಮವಾರ ಆಳುಗಳನ್ನ ಕರ್ಕೊಂಡೇ ಬರ್ತೀನಿ. ಅವತ್ತು ಊಟ ಇದ್ರೆ ಇಲ್ಲೇ. ಇಲ್ದಿದ್ರೆ ಬೇಜಾರು ಮಾಡ್ಕೋಬೇಡ, ಆಚೆ ಅಂಗಡಿ," ಎಂದು ಹೇಳಿ ಹೋದ.

ನಕುಂದ್ವ ಬುಟ್ಟಿಗೆ ಕೈ ಹಾಕಿದಳು. ಕಂಬಳಿ ಒದ್ದೆ. ಬೆಳಿಗ್ಗೆ ಕಂಠದವರೆಗಿದ್ದ ಪಾತ್ರೆ ಈಗ ಅಂಚಿನವರೆಗೂ ತುಂಬಿ ತುಳುಕುತ್ತಿತ್ತು, ನೀರು ಉಗುರು ಬೆಚ್ಚಗೆ. ಅವಳು ತಿರುಗಿ ಅತ್ತೆಯನ್ನು ನೋಡಿದಳು. ಅತ್ತೆ ರಸ್ತೆಯ ಕಡೆ ನೋಡಿದಳು.

"ಅತ್ತೆ, ತೆಗೆದ್ರಾ?"

"ತೆಗೆದೆ."

"ನೀರು ಹಾಕಿದ್ರಾ?"

"ಹಾಕ್ದೆ. ತಿರುವಿದೆ. ಮತ್ತೆ ನೋಡ್ದೆ, ಮತ್ತೆ ಹಾಕ್ದೆ. ಬೇಯೋಕಿಟ್ಟ ಪಾತ್ರೆಗೆ ನೀರು ಹಾಕದೆ ಹೇಗೆ ಕೂತಿರ್ಲಿ? ನನ್ನ ಕೈ ಕೇಳ್ಬೇಕಲ್ಲ."

ನಕುಂದ್ವಳ ಸಿಟ್ಟು ನೆತ್ತಿಗೇರಿತು. "ಈ ಅಂಗಡಿ ಮುಚ್ಚಿ ಹೋದ್ರೆ ನಿಮಗೆ ಸಂತೋಷಾನಾ?"

ಅತ್ತೆ ತಗ್ಗಿದ ದನಿಯಲ್ಲಿ ಹೇಳಿದಳು: "ನೋಡೋ ಹಾಗಿಲ್ಲ, ತಿರುವೋ ಹಾಗಿಲ್ಲ, ಅಂದ್ಮೇಲೆ ಈ ಮಣೆ ಮೇಲೆ ನಾನ್ಯಾಕೆ? ಇವತ್ತು ಪಾತ್ರೆ ಬುಟ್ಟಿಗೆ ಹಾಕಿದ್ರಿ. ನಾಳೆ ಮುದುಕಿ ಮನೇಲೇ ಬಿದ್ದಿರ್ಲಿ ಅಂತೀರ. ಗೋಡೆ ನೋಡ್ಕೊಂಡು ಕೂತ್ರೆ ನಾನು ಉಳೀತೀನಾ?"

ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಮಂಡಿ ನೋವಿನಲ್ಲೂ ದಿನಾ ಇಲ್ಲಿಯವರೆಗೆ ಕುಂಟುತ್ತಾ ಬರುವ ಈ ಹೆಂಗಸು ಯಾಕೆ ಬರುತ್ತಾಳೆ ಅಂತ ನಕುಂದ್ವ ಒಂದು ದಿನವೂ ಯೋಚಿಸಿರಲಿಲ್ಲ. ಅವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಎದುರಿಗೆ ಬೈಕಿನ ಹುಡುಗನೊಬ್ಬ, ಒಳಗೇನಿದೆ ಅಂತ, ಬುಟ್ಟಿಯ ದಿಂಬು ಎತ್ತಿ ಇಣುಕುತ್ತಿದ್ದ.

ಅದನ್ನು ನೋಡಿದ್ದೇ ನಕುಂದ್ವಳಿಗೆ ಹೊಳೆಯಿತು.

"ಅತ್ತೆ, ಸೋಮವಾರ ನಾನು ಇಪ್ಪತ್ತೈದು ತಟ್ಟೆಗೆ ಓಡಾಡ್ತಿರ್ತೀನಿ. ಈ ಬಸ್ ಸ್ಟ್ಯಾಂಡಲ್ಲಿ ಎಷ್ಟು ಕೈ ಇದೆ ನೋಡಿದ್ರಾ? ಒಂದು ಕೈ ಆ ದಿಂಬು ಎತ್ತಿದ್ರೂ ನಮ್ಮ ಕಥೆ ಮುಗೀತು. ನಿಮ್ಮನ್ನ ಬಿಟ್ಟು ಈ ಬುಟ್ಟಿ ಕಾಯೋರು ನಂಗೆ ಇನ್ಯಾರಿದ್ದಾರೆ?"

ಅತ್ತೆ ಬುಟ್ಟಿಯನ್ನು ನೋಡಿದಳು, ಹುಡುಗನನ್ನು ನೋಡಿದಳು. "ಏ, ಕೈ ತೆಗಿಯೋ," ಅಂದಳು.

ಸೋಮವಾರ ಬಂತು. ನೆನೆದು ಉಬ್ಬಿದ ಜೋಳ, ಕಾಳು ದೊಡ್ಡ ಪಾತ್ರೆಯ ಕಂಠದವರೆಗೆ. ಒಂದು ಗಂಟೆ ಮುಚ್ಚಳ ಕುಣಿಯುವ ಹಾಗೆ ಕುದಿಸಿ, ಕುದಿಯುತ್ತಿದ್ದಾಗಲೇ ಬುಟ್ಟಿಗಿಳಿಸಿ, ದಿಂಬು ಒತ್ತಿದರು. ಅತ್ತೆ ತನ್ನ ಮಣೆಯನ್ನು ಎಳೆದು ಬುಟ್ಟಿಗೆ ಅಂಟಿಸಿಕೊಂಡು, ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯಿಂದ ದಿಂಬನ್ನು ಅವುಚಿಕೊಂಡು, ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಳು.

ಸುದ್ದಿ ಹಬ್ಬಿತ್ತು. ಚಹಾದವನು ಬಂದ, ಚಪಾತಿಯವಳು ಬಂದಳು. ಒಲೆ ಆರಿದೆ, ಊಟ ಬೇಯುತ್ತಿದೆಯಂತೆ, ನೋಡೋಣ ಬನ್ನಿ. ಬಸ್ಸಿನಿಂದ ಇಳಿದವರೂ ಸುತ್ತ ನಿಂತರು. ಯಾರೋ ಒಬ್ಬ ಕೈ ಚಾಚಿದ. ಸೌಟು ಅವನ ಬೆರಳ ಗೆಣ್ಣಿನ ಮೇಲೆ ಬಿತ್ತು. ಇನ್ನೊಬ್ಬ ಚಾಚಿದ, ಅವನಿಗೂ ಬಿತ್ತು.

ಬಿಸಿಲು ಏರಿದಂತೆ ನಕುಂದ್ವ ಹತ್ತು ಸಲ ಬುಟ್ಟಿಯ ಕಡೆ ತಿರುಗಿ ನೋಡಿದಳು. ಬೆಂದಿದೆಯೋ ಇಲ್ಲವೋ. ರಸ್ತೆಯ ತುದಿಯಲ್ಲಿ ಸಲಿಕೆ ಹೊತ್ತ ಆಳುಗಳು ಸಾಲಾಗಿ ಬರುವುದು ಕಾಣಿಸಿತು. ತಡೆಯಲಾಗಲಿಲ್ಲ. ಮೆಲ್ಲನೆ ಬಂದು ದಿಂಬಿನ ತುದಿಗೆ ಕೈ ಹಾಕಿದಳು, ಒಂದೇ ಒಂದು ಕಾಳು ನೋಡಿಬಿಡೋಣ ಅಂತ.

ಟಪ್.

"ಅತ್ತೆ, ಅದು ನನ್ನ ಕೈ."

"ನಿನ್ನದಾದ್ರೆ ಏನು, ಕೈ ಕೈಯೇ. ಅವರು ಬಂದು ಕೂರೋವರೆಗೂ ತೆಗೆಯೋ ಹಾಗಿಲ್ಲ."

ಆಳುಗಳು ಬಂದು ಕೂತರು. ಕಿಯಾಂಗಿ ಬಗ್ಗಿ ಬುಟ್ಟಿ ನೋಡಿದ. ಆಗ ಅತ್ತೆ ಎದ್ದು, ದಿಂಬು ಸರಿಸಿ, ಮುಚ್ಚಳ ತೆಗೆದಳು. ಹಬೆ ದಟ್ಟವಾಗಿ ಎದ್ದು ಅವಳ ಮುಖವನ್ನೇ ಮುಚ್ಚಿತು. ಸುತ್ತ ನಿಂತವರು ಹೋ ಎಂದರು. ಅತ್ತೆ ಸೌಟಿನಲ್ಲಿ ಒಂದು ಕಾಳು ಎತ್ತಿ ಬೆರಳ ನಡುವೆ ಒತ್ತಿದಳು. ನಂಬಿಕೆ ಬರಲಿಲ್ಲ. ಇನ್ನೊಂದು ಒತ್ತಿದಳು. ಆಮೇಲೆ ಜೋಳ.

"ಬೆಣ್ಣೆ ಆಗಿದೆ ಕಣೇ," ಅಂದಳು.

ನಕುಂದ್ವ ಕಣ್ಣೊರೆಸಿಕೊಂಡೇ ಒಲೆಗೆ ಒಂದು ಹಿಡಿ ಇದ್ದಿಲು ಹಾಕಿ, ಈರುಳ್ಳಿ, ತೆಂಗಿನ ಹಾಲು ಬೆರೆಸಿ, ಎಲ್ಲವನ್ನೂ ಮತ್ತೊಮ್ಮೆ ಚೆನ್ನಾಗಿ ಕುದಿಸಿ ಬಡಿಸಿದಳು. ಸ್ವಲ್ಪ ಹೊತ್ತು ತಟ್ಟೆಗಳ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಕಿಯಾಂಗಿ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿ, "ನಾಳೆ ಮೂವತ್ತು ಮಾಡಕ್ಕ. ಇಂಜಿನಿಯರಿಗೂ ಹೇಳ್ತೀನಿ," ಎಂದ.

ಸಾಯಂಕಾಲ ನೋಡಿದರೆ, ಅಷ್ಟು ಊಟಕ್ಕೆ ಬೇಕೆಂದು ತಂದಿಟ್ಟ ನಾಲ್ಕು ಡಬ್ಬಿ ಇದ್ದಿಲಿನಲ್ಲಿ ಎರಡೂವರೆ ಡಬ್ಬಿ ಹಾಗೇ ಉಳಿದಿತ್ತು. ಅಂಗಡಿಯ ತಗಡು ಇವತ್ತಿಗೂ ಬೇವಿನ ಮರದ ಕೆಳಗೇ ಇದೆ.

ಮುಂದಿನ ಗುರುವಾರದ ಸಭೆಗೆ ಬುಟ್ಟಿ ಹೊರಿಸಿಕೊಂಡು ಹೋದವಳು ಅತ್ತೆಯೇ. ಮೂಲೆಯಲ್ಲಿ ಕೂತಿದ್ದ ಒಬ್ಬಳು ಕೇಳಿದಳು: "ಕಂಬಳಿ ಹೊದಿಸಿದ್ರೆ ಬೇಯುತ್ತೆ ಅಂದ್ರೆ ನಾವೆಲ್ಲ ಬೇಯ್ಬೇಕಿತ್ತಲ್ಲ ಅಜ್ಜಿ?"

"ಬಾ ಇಲ್ಲಿ," ಅಂದಳು ನಾಂಪೊಂಬೆ. "ನಿನ್ನನ್ನ ಮೊದಲು ಒಂದು ಗಂಟೆ ಕುದಿಸ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿಸಿ ಕೇಳುತ್ತಿರುವ ಅಜ್ಜಿಯರೇ, ನಿಮ್ಮ ಊರಲ್ಲಿ ಉರಿಯುವುದು ಇದ್ದಿಲೋ ಸೌದೆಯೋ ಗ್ಯಾಸೋ, ಯಾವುದೂ ಪುಕ್ಕಟೆ ಬರುವುದಿಲ್ಲ. ಬುಟ್ಟಿ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆ ಆದೀತು, ಬಾಳೆಲೆ ಇಲ್ಲದಿದ್ದರೆ ಒಣಹುಲ್ಲು, ಹಳೇ ಬಟ್ಟೆ. ಕಾಳು ನೆನೆಸಿ. ಪಾತ್ರೆ ತುಂಬ ಇಡಿ, ಅರ್ಧ ಪಾತ್ರೆ ಬೇಗ ಆರುತ್ತದೆ. ಮೊದಲ ಕುದಿ ಜೋರಾಗಿರಲಿ, ಅದರಲ್ಲಿ ಜಿಪುಣತನ ಬೇಡ. ಕುದಿಯುತ್ತಿರುವಾಗಲೇ ಮುಚ್ಚಿಡಿ. ತೆಗೆದ ಮೇಲೆ ಇನ್ನೊಂದು ಸಲ ಕುದಿಸದೆ ಮಕ್ಕಳಿಗೆ ಬಡಿಸಬೇಡಿ. ನಾಳೆಯೇ ಮಾಡಿ ನೋಡಿ, ಉಳಿದದ್ದು ನಿಮ್ಮದೇ ಕೈಯಲ್ಲಿರುತ್ತದೆ.

ಮತ್ತೆ, ಬುಟ್ಟಿ ಮುಚ್ಚಿದ ಮೇಲೆ ಮನೆಯ ಹಿರಿಯರೊಬ್ಬರನ್ನು ಅದರ ಪಕ್ಕದಲ್ಲಿ ಕೂರಿಸಿ, ಕೈಗೊಂದು ಸೌಟು ಕೊಡಿ. ನಿಮ್ಮ ಕೈಯೇ ಅತ್ತ ಹೋದರೂ ಒಂದು ಬಿಡುವ ಅಧಿಕಾರ ಅವರಿಗಿರಲಿ.