ಕತ್ತರಿಸಿ ಹೊಲಿಯದೆ ಬಿಟ್ಟ ಹೆಂಗಸು

ದರ್ಜಿಯ ಹೆಂಡತಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಆಕೆಗಿದ್ದದ್ದು ಒಂದೇ ಚಟ: ಆಕಾರವನ್ನು ತುಂಡುತುಂಡು ಮಾಡಿ ಹಲವು ಕಡೆಯಿಂದ ಒಟ್ಟಿಗೇ ತೋರಿಸುವ ಕ್ಯೂಬಿಸಂ ಹುಟ್ಟಿದ ಕಾಲದ ಚಿತ್ರಕಾರರ ಅಚ್ಚುಚಿತ್ರಗಳನ್ನು ಕೂಡಿಹಾಕುವುದು. ಹೆಸರಾದವರದು ಕೈಗೆಟುಕುತ್ತಿರಲಿಲ್ಲ, ಅವರ ಜೊತೆಗೇ ಕೂತು ಅದನ್ನೇ ಮಾಡಿ ಯಾರ ಕಣ್ಣಿಗೂ ಬೀಳದೆ ಹೋದವರದು ಸಿಗುತ್ತಿತ್ತು. ಚಿತ್ರ ಕೊರೆದ ಒಂದು ತಾಮ್ರದ ತಗಡಿನಿಂದ ಇಷ್ಟೇ ಪ್ರತಿ ಎಂದು ಅಚ್ಚು ಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ ಸಂಖ್ಯೆ ಬರೆದು, ಆಮೇಲೆ ತಗಡಿಗೇ ಗೀರು ಎಳೆದುಬಿಡುತ್ತಿದ್ದರಂತೆ. ಇನ್ನೊಂದು ಹುಟ್ಟುವಂತಿಲ್ಲ.

ಕಾಗದಕ್ಕೆ ಬೆಳಕು ಆಗದೆಂದು ಚಿತ್ರಗಳು ಬೀರುವಿನ ಖಾನೆಗಳಲ್ಲೇ ಮಲಗಿರುತ್ತಿದ್ದವು. ಭಾನುವಾರ ಒಂದೊಂದಾಗಿ ಹೊರಬರುತ್ತಿದ್ದವು. ಕುಳಿತ ಹೆಂಗಸಿನ ಚಿತ್ರ ಬಂದಾಗಲೆಲ್ಲ ದರ್ಜಿಯದು ಒಂದೇ ಮಾತು: "ಕತ್ತರಿಸಿದ್ದಾನೆ, ಸರಿ. ಹೊಲಿಯೋದು ಯಾವಾಗ?"

"ನಿಮ್ಮ ಹಾಗೇ ಕಣ್ರೀ. ಗಿರಾಕಿ ನಾಲ್ಕು ಸಲ ತಿರುಗಿದ ಮೇಲೆ."

ಅವಳನ್ನು ದೇವರು ಕರೆದುಕೊಂಡ. ಚಿತ್ರಗಳೆಲ್ಲ ಊರಿನ ಕಲಾಸಂಗ್ರಹಾಲಯಕ್ಕೆ ಸೇರಬೇಕೆಂದು ಹೇಳಿ ಹೋಗಿದ್ದಳು. ದರ್ಜಿ ಹೂಂ ಅಂದಿದ್ದ.

ಸಂಗ್ರಹಾಲಯದ ಅಧಿಕಾರಿಣಿ ಬಂದು, ತೀರಿಕೊಂಡವಳು ಬರೆದಿಟ್ಟಿದ್ದ ಪಟ್ಟಿ ಹಿಡಿದು ಖಾನೆಗಳನ್ನು ನೋಡಿದಳು. "ಒಂದು ಕಮ್ಮಿ ಇದೆಯಲ್ಲ?"

ಮಗಳು ತಂದೆಯ ಮುಖ ನೋಡಿದಳು. ತಂದೆ ಗಡಿಯಾರ ನೋಡಿದ.

ಕುಳಿತ ಹೆಂಗಸು ದೇವರ ಕೋಣೆಯಲ್ಲಿದ್ದಳು. ಕೆಳಗೆ ದೀಪ ಉರಿಯುತ್ತಿತ್ತು. ಬೆಳಕು ಹೊಳೆದು ಮುಖ ಕಾಣಿಸದೆಂದು ದರ್ಜಿ ಚೌಕಟ್ಟಿನ ಗಾಜು ತೆಗೆದಿಟ್ಟಿದ್ದ. ಮಸಿ ಗಲ್ಲದವರೆಗೆ ಏರಿತ್ತು.

"ಏನಪ್ಪಾ ಇದು! ಅಮ್ಮನ ಫೋಟೋನೇ ಇದೆಯಲ್ಲ?"

"ಫೋಟೋದಲ್ಲಿ ಸುಮ್ಮನೆ ಮುಂದೆ ನೋಡ್ತಾಳೆ. ನಿಮ್ಮಮ್ಮ ಯಾವತ್ತು ಹಾಗೆ ನೋಡಿದ್ಲು? ಒಂದು ಕಣ್ಣು ಒಲೆ ಮೇಲೆ, ಒಂದು ಬಾಗಿಲ ಮೇಲೆ, ಇನ್ನೊಂದು ನನ್ನ ಮೇಲೆ. ಇದರಲ್ಲಿ ಮೂರೂ ಇದೆ."

ಅಧಿಕಾರಿಣಿ ಬಗ್ಗಿ ನೋಡಿದಳು. "ಮಸಿ ಹಿಡಿದಿದೆ."

"ಹಾಳಾಯ್ತು, ಅಲ್ವಾ?" ದರ್ಜಿಯ ದನಿಯಲ್ಲಿ ಬೇಸರ ಅಷ್ಟಾಗಿರಲಿಲ್ಲ. "ಹಾಳಾದದ್ದು ನಿಮಗ್ಯಾಕೆ? ಇಲ್ಲೇ ಬಿದ್ದಿರಲಿ ಬಿಡಿ."

"ಇಲ್ಲ ಯಜಮಾನರೇ, ಇಷ್ಟನ್ನ ನಮ್ಮವರು ತೆಗೀತಾರೆ. ದೀಪ ಹೀಗೇ ಉರಿದರೆ ಮಾತ್ರ ಮುಖ ಉಳಿಯಲ್ಲ."

ದರ್ಜಿ ಬಗ್ಗಿ ದೀಪ ಶಾಂತ ಮಾಡಿದ. ಚಿತ್ರವನ್ನು ತಾನೇ ಮೊಳೆಯಿಂದ ಇಳಿಸಿದ.

"ಮತ್ತೆ ನೋಡಬೇಕು ಅಂದ್ರೆ?"

"ಗುರುವಾರ ಬನ್ನಿ. ತೆಗೆದು ತೋರಿಸ್ತೀವಿ. ಮೊದಲು ಸ್ವಲ್ಪ ದಿನ ಬಿಡಿ, ಮಸಿ ತೆಗೀಬೇಕಲ್ಲ."

ಸ್ವಲ್ಪ ದಿನ ಬಿಟ್ಟು ಒಂದು ಗುರುವಾರ ದರ್ಜಿ ಹೋದ. ಬಾಗಿಲಲ್ಲಿದ್ದವನು ನಿಯಮಗಳನ್ನು ಹೇಳಿದ. ಕೈ ತೊಳೆದು ಬರಬೇಕು. ಒಳಗೆ ಏನೂ ತಿನ್ನಬಾರದು. ಗಟ್ಟಿಯಾಗಿ ಮಾತಾಡಬಾರದು. ಕೇಳದೆ ಮುಟ್ಟಬಾರದು. ದರ್ಜಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅವನು ಬೆಳಗ್ಗೆಯೇ ಸ್ನಾನ ಮಾಡಿ ಉಪವಾಸ ಬಂದಿದ್ದ.

ಖಾನೆ ಎಳೆದು ಚಿತ್ರವನ್ನು ಮೇಜಿನ ಮೇಲೆ ಇಟ್ಟರು. ಗಲ್ಲ ಬೆಳ್ಳಗಾಗಿತ್ತು. ಒಂದು ಕಣ್ಣು ಎತ್ತಲೋ, ಒಂದು ಬಾಗಿಲಿಗೆ, ಮೂರನೆಯದು ಎಂದಿನಂತೆ ಅವನ ಕಡೆಗೆ.

"ಇನ್ನೂ ಹೊಲಿದಿಲ್ಲ," ಎಂದ ದರ್ಜಿ, ನಿಯಮದಂತೆ ಮೆಲ್ಲಗೆ.