ಮೇಡಂ ಹಾಕಿದ ಆಣೆ

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುತ್ತಾರೆ. ತ್ರಿವೇಣಿ ಮೇಡಂಗೆ ಈ ಗಾದೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ತರೀಕೆರೆಯಲ್ಲಿ ಬಸ್ಸು ಹತ್ತಿ ಅಜ್ಜಂಪುರದ ಕಾಲೇಜಿಗೆ ಬಂದು ಕನ್ನಡ ಹೇಳಿಕೊಡುವವಳು, ಗಾದೆಗಳನ್ನು ಬೋರ್ಡಿನ ಮೇಲೆ ಬರೆದು ‘ವಿಸ್ತರಿಸಿ’ ಎಂದು ಮಕ್ಕಳ ಜೀವ ಹಿಂಡುವವಳು. ಆದರೂ ಆಡಬಾರದ ಮಾತನ್ನು ಆಡಿ ಕೂತಿದ್ದಳು.

ಆದದ್ದು ಇಷ್ಟು. ದ್ವಿತೀಯ ಪಿಯುಸಿಗೆ ಹಳೆಯ ನಾಟಕವೊಂದು ಪಠ್ಯವಾಗಿತ್ತು. ವೈರಿಗಳು ಮುತ್ತಿದ ಕೋಟೆ. ಬೆಳಕು ಹರಿಯುವ ಮೊದಲು ಬಾಗಿಲು ತೆಗೆದವನ ತಲೆ ತೆಗೆಸುತ್ತೇನೆ ಎಂದು ರಾಜ ಕುಲದೇವಿಯ ಮೇಲೆ ಆಣೆ ಹಾಕುತ್ತಾನೆ. ಹೊರಗೆ ಕೂಸನ್ನೆತ್ತಿಕೊಂಡು ಗೋಗರೆಯುತ್ತಿದ್ದ ಹೆಂಗಸಿಗೆ ಬಾಗಿಲು ತೆಗೆದವನು ರಾಜನ ಸ್ವಂತ ಮಗ. ತಿಂಗಳ ಹಿಂದೆ ತ್ರಿವೇಣಿ ಇದನ್ನು ಪಾತ್ರವೇ ತಾನಾದಂತೆ ಓದುತ್ತಿದ್ದಳು. ರಾಜ ಮಗನ ಮುಖವನ್ನೂ ನೋಡದೆ ‘ಒಯ್ಯಿರಿ ಇವನನ್ನು’ ಅನ್ನುವ ಹೊತ್ತಿಗೆ ಸರಿಯಾಗಿ ಮೂರನೇ ಬೆಂಚಿನ ಹಾಲೇಶ ಕಿಸಕ್ಕನೆ ನಕ್ಕುಬಿಟ್ಟ. ಅವನು ನಕ್ಕಿದ್ದೇ ತಡ, ತರಗತಿಯೆಲ್ಲ ಗೊಳ್ಳೆಂದಿತು.

ತ್ರಿವೇಣಿಗೆ ಸಿಟ್ಟು ನೆತ್ತಿಗೇರಿತು.

“ಆಚೆ ನಡಿ! ಎಲ್ಲರ ಮುಂದೆ ಕ್ಷಮೆ ಕೇಳೋವರೆಗೂ ನಿನ್ನ ಹೆಸರಿಗೆ ಹಾಜರಿ ಹಾಕಲ್ಲ. ಅಂತರಘಟ್ಟಮ್ಮನಾಣೆ!”

ಅಂತರಘಟ್ಟಮ್ಮನ ಹೆಸರಲ್ಲಿ ಆಡಿದ ಮಾತೆಂದರೆ ಹುಡುಗಾಟವೇ? ಆ ಸೀಮೆಯಲ್ಲಿ ಕಳ್ಳ ಕೂಡ ಆ ಆಣೆಗೆ ಹೆದರಿ ಕದ್ದದ್ದನ್ನು ತಂದಿಟ್ಟು ಹೋಗುತ್ತಾನೆ. ಹಾಲೇಶ ಕ್ಷಮೆ ಕೇಳಲಿಲ್ಲ. ಚೀಲ ತೆಗೆದುಕೊಂಡು ಹೊರಗೆ ಹೋದ. ಮೂರು ವಾರ ಅವಳ ಪೀರಿಯಡ್ಡಿನಲ್ಲೆಲ್ಲ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ನೋಟ್ ಬುಕ್ ಇಟ್ಟುಕೊಂಡು ಕೂತ. ಅವನ ಬೆನ್ನು ಅವಳಿಗೆ ಕಾಣುತ್ತಿತ್ತು. ಕಂಡರೂ ಕಾಣದವಳ ಹಾಗೆ ಪಾಠ ಮಾಡಿದಳು, ಪುಣ್ಯಾತ್ಗಿತ್ತಿ. ಈ ಸೋಮವಾರದಿಂದ ಅವನು ಕಟ್ಟೆಗೂ ಬರಲಿಲ್ಲ.

ಇವತ್ತು ಶುಕ್ರವಾರ. ಹಾಜರಿ ಕೊರತೆಯ ಪಟ್ಟಿ ಕಳಿಸುವ ಕಡೆಯ ದಿನ. ಮಧ್ಯಾಹ್ನ ಊಟದ ಹೊತ್ತಿಗೆ ಪ್ರಿನ್ಸಿಪಾಲ್ ದ್ವಾರಕಾನಾಥರು ಅವಳನ್ನು ಕರೆಸಿದರು.

“ನಾಲ್ಕು ಗಂಟೆಗೆ ಪಟ್ಟಿ ಹೋಗುತ್ತೆ ತ್ರಿವೇಣಿ. ಆ ಹುಡುಗನಿಗೆ ನಿಮ್ಮ ಕನ್ನಡ ಒಂದರಲ್ಲೇ ಕಮ್ಮಿ. ಹಾಲ್ ಟಿಕೆಟ್ ಬರಲ್ಲ. ವರ್ಷ ಹೋಯ್ತು ಅಂತಲೇ ಲೆಕ್ಕ.”

“ಅವನು ಒಂದು ಮಾತು ಕ್ಷಮೆ ಕೇಳಿದ್ರೆ ಮುಗೀತಿತ್ತು ಸಾರ್.”

“ಅವನಿಗೆ ಹದಿನೇಳು ವರ್ಷ ಕಣ್ರೀ. ನಿಮಗೆ?”

ತ್ರಿವೇಣಿ ಎದ್ದು ಹೊರಗೆ ಬಂದಳು. ಹುಡುಗನ ವರ್ಷ ಹಾಳಾಗುವುದು ಅವಳಿಗೂ ಬೇಕಿರಲಿಲ್ಲ. ಆದರೆ ನಲವತ್ತು ಮಕ್ಕಳ ಮುಂದೆ ದೇವರ ಹೆಸರಲ್ಲಿ ಆಡಿದ್ದನ್ನು ನುಂಗಿಕೊಂಡರೆ ನಾಳೆ ತನ್ನ ಮಾತಿಗೆ ಯಾವ ಬೆಲೆ? ಮೇಲಾಗಿ, ದೇವಿಯ ಭಯ. ಮನೆಯಲ್ಲಿ ಅವಳಿಗೂ ಒಂದು ಮಗುವಿತ್ತು.

ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ನಾಟಕದ ಕೊನೆಯ ದೃಶ್ಯ. ಮಗನ ತಲೆ ಹೋಗಿದೆ, ರಾಣಿ ಅರಮನೆ ಬಿಟ್ಟು ಹೋಗಿದ್ದಾಳೆ. ಬರಿದಾದ ಸಭೆಯಲ್ಲಿ ರಾಜನೊಬ್ಬನೇ ನಿಂತು ‘ನನ್ನ ಮಾತು ಉಳಿಯಿತು, ಕೇಳುವವರು ಉಳಿಯಲಿಲ್ಲ’ ಅನ್ನುತ್ತಾನೆ. ತ್ರಿವೇಣಿ ಪುಸ್ತಕ ಮಡಿಚಿದಳು.

“ರಾಜ ಎಲ್ಲಿ ತಪ್ಪಿದ? ಹೇಳಿ.”

ಶಶಿ ಎದ್ದು ನಿಂತ. “ತಪ್ಪೇ ಮಾಡಿಲ್ಲ ಮೇಡಂ. ಮಾತು ಅಂದ್ರೆ ಮಾತು. ಮಗ ಅಂತ ಬಿಟ್ಬಿಟ್ರೆ ಜನ ಉಗೀತಾರೆ.”

ಅರ್ಧ ತರಗತಿ ತಲೆಯಾಡಿಸಿತು. ತ್ರಿವೇಣಿಗೆ ರೇಗಿತು.

“ಅಷ್ಟೇನಾ ನಿಮಗೆ ಅರ್ಥ ಆಗಿದ್ದು? ದುರಂತ ಅಂದ್ರೆ ಕೆಟ್ಟವನಿಗೆ ಕೆಟ್ಟದ್ದಾಗೋದಲ್ಲ ಕಣ್ರೋ. ಒಳ್ಳೆಯವನೇ ತನ್ನ ಒಳ್ಳೆಯತನ ಹಿಡ್ಕೊಂಡು ಕಣ್ಣಾರೆ ನೋಡ್ತಾ ನೋಡ್ತಾ ಬಾವಿಗೆ ಬೀಳೋದು. ಮಗ ಯಾಕೆ ಬಾಗಿಲು ತೆಗೆದ ಅಂತ ರಾಜ ಒಂದೇ ಒಂದು ಸಲ ಕೇಳಿದ್ನಾ? ಕೇಳ್ಲಿಲ್ಲ. ಕೇಳಿದ್ರೆ ಕರಗಿಬಿಡ್ತೀನಿ ಅನ್ನೋ ಭಯ ಅವನಿಗೆ!”

ಅಂದಳು. ಅಂದದ್ದೇ ತನ್ನ ಕಿವಿಗೂ ಬಿತ್ತು. ಹಾಲೇಶ ಯಾಕೆ ನಕ್ಕ ಅಂತ ತಾನು ಕೇಳಿದ್ದಳೇ?

ಆಗ ದೇವಿಯ ಊರಾದ ಅಂತರಘಟ್ಟೆಯಿಂದ ಬರುವ ಅನುಪಮಾ ಎದ್ದಳು. ಮಾತು ಕಮ್ಮಿ ಆಡುವ ಹುಡುಗಿ.

“ರಾಜ ತಪ್ಪುಕಾಣಿಕೆ ಹಾಕ್ಬೋದಿತ್ತಲ್ವಾ ಮೇಡಂ? ನಮ್ಮೂರಲ್ಲಿ ಸಿಟ್ಟಲ್ಲಿ ಆಣೆ ಹಾಕ್ದೋರು ಹಂಗೇ ಮಾಡೋದು. ಅರಿಶಿಣದ ಬಟ್ಟೇಲಿ ಹನ್ನೊಂದ್ ರೂಪಾಯಿ ಕಟ್ಟಿ, ತಪ್ಪಾಯ್ತು ಕಣಮ್ಮಾ ಅಂದು, ಮಾತು ವಾಪಸ್ ತಗೋತಾರೆ.”

“ಕೂತ್ಕೊ. ಅದೆಲ್ಲ ನಾಟಕದಲ್ಲಿಲ್ಲ.”

“ಇಲ್ಲ ಮೇಡಂ,” ಅಂದಳು ಅನುಪಮಾ, ಕೂರದೆ. “ಅದ್ಕೇ ಆ ಹುಡುಗ ಸತ್ತ.”

ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಮೂರನೇ ಬೆಂಚಿನ ಖಾಲಿ ಜಾಗ ನೋಡಿದರು, ಆಮೇಲೆ ತ್ರಿವೇಣಿಯನ್ನು ನೋಡಿದರು. ನಾಟಕ ಅರ್ಥವಾಗಿಲ್ಲ ಅಂತ ಬೈಯುತ್ತಿದ್ದಳಲ್ಲ, ತೊಗೋ! ಮಕ್ಕಳಿಗೆ ಅರ್ಥವಾಗಿ ತಿಂಗಳಾಗಿತ್ತು.

“ಹಾಲೇಶ ಎಲ್ಲಿ?” ಅಂದಳು.

“ಗಾರೆ ಕೆಲ್ಸಕ್ಕೆ ಹೋಗ್ತಾನೆ ಮೇಡಂ. ಇವತ್ತು ಸ್ಟೇಷನ್ ಹಿಂದ್ಗಡೆ ಮೋಲ್ಡ್ ಐತೆ,” ಅಂದ ಶಶಿ.

ಮೂರು ಗಂಟೆಗೆ ಹತ್ತು ನಿಮಿಷವಿತ್ತು. ಹಾಜರಿ ಪುಸ್ತಕ ಬಗಲಿಗೆ ಸಿಕ್ಕಿಸಿಕೊಂಡು ಓಡಿದಳು. ಆಟೋದಲ್ಲಿ ಕೂತು ಕರ್ಚೀಫಿನ ತುದಿಗೆ ಹನ್ನೊಂದು ರೂಪಾಯಿ ಕಟ್ಟಿದಳು. ಅರಿಶಿಣ ಎಲ್ಲಿಂದ ತರಬೇಕು? ‘ತಪ್ಪಾಯ್ತು ಕಣಮ್ಮಾ, ನನ್ನ ನಾಲಿಗೆಗೆ ಬೆಂಕಿ ಹಾಕ,’ ಎಂದು ಗೊಣಗಿದಳು. ಆಟೋದವನು ತಿರುಗಿ ನೋಡಿದ. ನೋಡಿಕೊಳ್ಳಲಿ.

ಸ್ಟೇಷನ್ನಿನ ಹಿಂದೆ ಹೊಸ ಮನೆಯ ತಾರಸಿಗೆ ಕಾಂಕ್ರೀಟ್ ಹಾಕುತ್ತಿದ್ದರು. ಮಿಕ್ಸರ್ ಗುಡುಗುಡು ಅನ್ನುತ್ತಿತ್ತು. ನೆಲದಿಂದ ಮೇಲಿನವರೆಗೆ ಹಲಗೆ ಮೆಟ್ಟಿಲ ಮೇಲೆ ಜನ ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತಿದ್ದರು. ಸಾಲಿನ ಬುಡದಲ್ಲಿ ಹಾಲೇಶ. ಮುಖಕ್ಕೆಲ್ಲ ಸಿಮೆಂಟು. ಅವಳನ್ನು ಕಂಡ, ಕಂಡು ಮುಖ ತಿರುಗಿಸಿದ.

“ಐದು ನಿಮಿಷ ಬಿಡಪ್ಪಾ ಅವನನ್ನ,” ಎಂದು ಮೇಸ್ತ್ರಿ ಹೊನ್ನಯ್ಯನನ್ನು ಕೇಳಿದಳು.

“ಆಗಲ್ಲ ಕಣಮ್ಮಾ. ಮೋಲ್ಡ್ ಶುರು ಮಾಡಿದ್ ಮೇಲೆ ನಿಲ್ಸಂಗಿಲ್ಲ. ಅರ್ಧಕ್ ನಿಂತ್ರೆ ಬಿರುಕು ಬಿಡ್ತದೆ. ಆರು ಗಂಟೆಗ್ ಬನ್ನಿ.”

ಆರು ಗಂಟೆಗೆ ಬಂದು ಏನು, ಹಾಲ್ ಟಿಕೆಟ್ಟಿನ ತಿಥಿ ಮಾಡಲೇ? ತ್ರಿವೇಣಿ ಪುಸ್ತಕವನ್ನು ಇಟ್ಟಿಗೆ ರಾಶಿಯ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲೇಶನ ಮುಂದಿದ್ದ ಹೆಂಗಸನ್ನು “ಸ್ವಲ್ಪ ಸುಧಾರಿಸ್ಕೊಳಮ್ಮ” ಎಂದು ಸರಿಸಿ ಅವಳ ಜಾಗದಲ್ಲಿ ನಿಂತಳು. ಮೊದಲ ಬಾಂಡ್ಲಿ ಕೈಗೆ ಬಂದಾಗ ಭುಜ ಕಳಚಿದಂತಾಯಿತು. ಹೇಗೋ ದಾಟಿಸಿದಳು.

“ಹಾಲೇಶ, ತಪ್ಪು ನಂದು!” ಮಿಕ್ಸರಿನ ಗದ್ದಲದಲ್ಲಿ ಕಿರುಚಲೇಬೇಕಿತ್ತು. “ಯಾಕೆ ನಕ್ಕೆ ಅಂತ ನಿನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ!”

ಸಾಲಿನವರೆಲ್ಲ ಕೇಳಿಸಿಕೊಂಡರು. ಇನ್ನೊಂದು ಬಾಂಡ್ಲಿ ಬಂತು, ಮತ್ತೊಂದು ಬಂತು. ಹಾಲೇಶ ಅವಳ ಮುಖ ನೋಡದೆ ದಾಟಿಸುತ್ತಲೇ ಇದ್ದ.

“ಆಣೆ ವಾಪಸ್ ತಗೊಂಡಿದೀನಿ. ನಾಳೆ ಕ್ಲಾಸಲ್ಲೂ ಹೇಳ್ತೀನಿ. ಕಟ್ಟೆ ಮೇಲೆ ಕೂತು ಪಾಠ ಕೇಳಿದ್ಯಲ್ಲ, ಅಷ್ಟೂ ದಿನದ ಹಾಜರಿ ಹಾಕ್ತೀನಿ. ನೀನೇನೂ ಕೇಳ್ಕೋಬೇಡ.”

“ನಾನ್ ನಗ್ಲಿಲ್ಲ ಮೇಡಂ,” ಅಂದ ಹಾಲೇಶ.

“ಏನು?”

“ಅಳು ಬಂದ್ಬಿಡ್ತು. ಹುಡುಗ್ರ ಮುಂದೆ ಅಳಾಕಾಯ್ತದಾ? ತಡ್ಕಳಕ್ ಹೋದೆ, ಹಂಗ್ ಸದ್ದಾಯ್ತು.” ಬಾಂಡ್ಲಿ ಅವಳ ಕೈಗಿಟ್ಟ. “ನಮ್ಮಣ್ಣ ಅಪ್ಪನ್ ಕೇಳ್ದೆ ಮದ್ವೆ ಆದ. ಅವನ್ ಮುಖ ನೋಡಲ್ಲ ಅಂತ ಅಪ್ಪ ಆಣೆ ಹಾಕ್ತು. ಹೋದ್ ವರ್ಷ ಕಡೂರ್ ಹತ್ರ ಲಾರಿ ಗುದ್ದಿ ಅಣ್ಣ ಹೋಗ್ಬಿಟ್ಟ. ಆಡಿದ್ ಮಾತು ಅಂತ ಅಪ್ಪ ಮಣ್ಣಿಗೂ ಬರ್ಲಿಲ್ಲ.”

ತ್ರಿವೇಣಿಯ ಕಣ್ಣು ತುಂಬಿ ಎದುರಿನ ಸಾಲು ಕಾಣದಾಯಿತು. ಹನ್ನೊಂದು ವರ್ಷದಲ್ಲಿ ತಾನು ಓದಿದ ನಾಟಕ ನಿಜವಾಗಿ ಮುಟ್ಟಿದ್ದು ಒಬ್ಬನಿಗೆ. ಅವನನ್ನೇ ಹೊರಗೆ ಹಾಕಿದ್ದಳು.

ಸಾಲು ಬಿಟ್ಟು ಬಂದು, ಸಿಮೆಂಟಿನ ಕೈಯಲ್ಲೇ ಪುಸ್ತಕ ಬಿಡಿಸಿ, ಹಾಲೇಶನ ಹೆಸರಿನ ಮುಂದೆ ಒಂದೊಂದೇ ದಿನ ತುಂಬಿದಳು. ಪ್ರಿನ್ಸಿಪಾಲರಿಗೆ ಫೋನ್ ಹಚ್ಚಿದಳು. ಮೂರೂ ನಲವತ್ತು.

“ಅವನ ಹೆಸರು ತೆಗೀರಿ ಸಾರ್. ತಪ್ಪು ನನ್ನದು ಅಂತ ಬರೆದು ಕೊಡ್ತೀನಿ.”

“ಬರೆದು ಕೊಡೋದು ಆಮೇಲೆ. ಪುಸ್ತಕ ತಗೊಂಡು ಬೇಗ ಬನ್ನಿ,” ಅಂದರು ದ್ವಾರಕಾನಾಥರು.

ಆಟೋ ಹತ್ತುವ ಮೊದಲು ಮತ್ತೆ ಅವನ ಹತ್ತಿರ ಹೋದಳು. “ನಾಳೆ ಬರ್ತೀಯಲ್ಲ ಹಾಲೇಶ? ತಡವಾಗಿ ಬಂದೆ ಅಂತ ಸಿಟ್ಟಿಟ್ಕೋಬೇಡ ಕಣೋ.”

“ಬತ್ತೀನಿ ಮೇಡಂ. ತಡ ಏನಾಯ್ತು? ನೀವು ಒಂದೇ ತಿಂಗ್ಳಿಗೆ ಬಂದ್ರಿ.” ಹಾಲೇಶ ತುಂಬಿದ ಬಾಂಡ್ಲಿಗೆ ಕೈ ಚಾಚಿದ. “ಅಣ್ಣನ ಸಮಾಧಿ ಹತ್ರಕ್ಕೆ ನಮ್ಮಪ್ಪ ಇನ್ನೂ ಬಂದಿಲ್ಲ.”