ಕೆಮ್ಮುವ ಕೂಗು

ನಾನು ಒಂದು ಮಾವಿನ ಮರದ ದೋಣಿ. ಕಾಳಿ ನದಿಯ ದಡದಲ್ಲಿ, ದಟ್ಟ ಕಾಡಿನ ನೆರಳಲ್ಲಿ ಹುಟ್ಟಿದೆ. ಬಡಗಿ ಹಲಗೆಗಳನ್ನು ಬೆಂಕಿಗೆ ಕಾಯಿಸಿ ಬಗ್ಗಿಸಿದ, ನಾರಿನ ಹುರಿಯಿಂದ ಹೊಲಿದ, ಮೈತುಂಬ ಗೇರೆಣ್ಣೆ ಬಳಿದ. ಮಾಡಿಸಿದವನು ಗಣಪು ಅಂಬಿಗ. ನೀರಿಗಿಳಿಸುವ ದಿನ ನನ್ನ ಮೂಗಿಗೆ ಕುಂಕುಮ ಹಚ್ಚಿ, "ಕರೆದವರನ್ನ ಬಿಟ್ಟು ಹೋಗೂದಿಲ್ಲ ನಾವು, ತಿಳೀತಾ?" ಎಂದ. ಅದು ಅವನ ಅಪ್ಪನಿಂದ ಬಂದ ಕಟ್ಟಳೆ. ಆಚೆ ದಡದಿಂದ ಯಾರೇ ಕೂಗಲಿ, ಊಟದ ಎಲೆ ಮುಂದಿದ್ದರೂ ಎದ್ದು ಬರುತ್ತಿದ್ದ.

ಹೆಚ್ಚು ಕೂಗುತ್ತಿದ್ದವಳು ಶೇವಂತಕ್ಕ. ಗುಡ್ಡದ ಮೇಲಿನ ಕುಣಬಿ ಜನದ ಹೆಂಗಸು. ಗೆಡ್ಡೆಗೆಣಸಿನ ಬುಟ್ಟಿ ಹೊತ್ತು ಸಂತೆಗೆ ಹೊರಟವಳು "ಕೂ... ಹೋಯ್" ಎಂದು ಕೂಗಿ, ಕೊನೆಗೆ ಖೊಕ್ ಖೊಕ್ ಎಂದು ಕೆಮ್ಮುತ್ತಿದ್ದಳು.

"ಬೀಡಿ ಬಿಡು ಶೇವಂತಕ್ಕಾ," ಎನ್ನುತ್ತಿದ್ದ ಗಣಪು.

"ನೀ ಬೇಗ ಬಂದ್ರೆ ನಾ ಯಾಕೆ ಎರಡನೇದು ಹಚ್ತಿದ್ದೆ?"

ಆಮೇಲೆ ಕೆಳಗಡೆ ಸೇತುವೆ ಆಯಿತು. ಶೇವಂತಕ್ಕ ಬಸ್ಸು ಹತ್ತಿದಳು. ನನ್ನನ್ನು ಕೂಗುವವರೇ ಇಲ್ಲವಾದರು. ಪ್ರವಾಸಿಗರ ವಸತಿಗೃಹ ನಡೆಸುತ್ತಿದ್ದ ಶಾನಭಾಗರು ನನ್ನನ್ನು ಕೊಂಡು, ಹಸಿರು ಬಣ್ಣ ಹೊಡೆಸಿ, ಹಿಂದೆ ಮೋಟಾರು ಕಟ್ಟಿಸಿದರು. ನಡೆಸಲು ಗಣಪುವನ್ನೇ ಇಟ್ಟುಕೊಂಡರು. ಆ ಬದುಕೂ ನನಗೆ ಹಿಡಿಸಿತು. ನೀರುನಾಯಿಗಳು ತಲೆಯೆತ್ತಿದರೆ ಪೇಟೆಯ ದೊಡ್ಡ ಮನುಷ್ಯರೂ ಉಸಿರು ಹಿಡಿದು ನನ್ನ ಅಂಚಿಗೆ ಗದ್ದ ಊರಿ ಕೂರುತ್ತಿದ್ದರು.

ಒಂದು ದಿನ ಹಾಗೆ ಕೂತಿದ್ದಾಗಲೇ ಆಚೆ ದಡದಿಂದ "ಕೂ... ಹೋಯ್" ಕೇಳಿತು. ಗಣಪು ತಟ್ಟನೆ ನನ್ನನ್ನು ತಿರುಗಿಸಿದ. ನೀರುನಾಯಿಗಳು ಮುಳುಗಿದವು. ದಡದಲ್ಲಿ ಯಾರೂ ಇರಲಿಲ್ಲ. ಮರುವಾರವೂ ಹೀಗೇ ಆಯಿತು. ಪ್ರವಾಸಿಗರು ದೂರು ಕೊಟ್ಟರು.

"ಇನ್ನೊಂದು ಸಲ ತಿರುಗಿಸಿದ್ರೆ ಚುಕ್ಕಾಣಿ ಬೇರೆಯವರ ಕೈಗೆ ಕೊಡ್ತೆ," ಎಂದರು ಶಾನಭಾಗರು.

"ಯಾರೋ ಕರೆದ್ರು ಒಡೆಯಾ."

"ಯಾರು ಕರೀತಾರೆ ಮಾರಾಯಾ? ಸೇತುವೆ ಆಗಿ ಎಷ್ಟು ವರ್ಷ ಆಯ್ತು!"

ಗಣಪುವಿಗೆ ಈ ನೀರು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ.

ಮುಂದಿನ ಸಲ ಶಾನಭಾಗರೇ ಬಂದು ಕೂತರು. ಮಂಗಟ್ಟೆ ಹಕ್ಕಿ ಪೊಟರೆಯೊಳಗಿನ ಹೆಣ್ಣಿಗೆ ಹಣ್ಣು ಉಣಿಸುತ್ತಿತ್ತು. ಎಲ್ಲರೂ ಅತ್ತಲೇ ನೋಡುತ್ತಿದ್ದಾಗ ಮತ್ತೆ ಆ ಕೂಗು, ಹಿಂದೆಯೇ ಖೊಕ್ ಖೊಕ್. ಗಣಪು ಒಡೆಯರ ಮುಖ ನೋಡದೆ ನನ್ನನ್ನು ತಿರುಗಿಸಿಯೇ ಬಿಟ್ಟ.

ದಡದ ಕೊಂಬೆಯ ಮೇಲೆ ಒಂದು ಭೀಮರಾಜ ಹಕ್ಕಿ ಕೂತಿತ್ತು. ಕರಿ ಮೈ, ಬಾಲಕ್ಕೆ ದಾರದಂಥ ಎರಡು ಗರಿ. ಕೇಳಿದ ದನಿಯನ್ನೆಲ್ಲ ಅನುಕರಿಸುವ ಜಾತಿ ಅದು. ನಮ್ಮೆಲ್ಲರೆದುರೇ ಕೊಕ್ಕು ತೆರೆದು ಶೇವಂತಕ್ಕನಂತೆ ಕೂಗಿ, ಕೆಮ್ಮಿತು. ನನ್ನೊಳಗಿದ್ದವರು ನಕ್ಕ ನಗೆಗೆ ನಾನು ಓಲಾಡಿದೆ. ಶಾನಭಾಗರು ಮಾತ್ರ ಹಕ್ಕಿಯನ್ನು ಬಿಟ್ಟು ನಗುವವರ ಮುಖಗಳನ್ನೇ ನೋಡುತ್ತಿದ್ದರು.

"ಗಣಪು, ನಾಳೆಯಿಂದ ದಿನಾ ಅಲ್ಲೇ ತಿರುಗಿಸು," ಎಂದರು ಇಳಿಯುವಾಗ.

ಗಣಪು ಸಂತೆಯಲ್ಲಿ ಈ ಸುದ್ದಿ ಹೇಳಿದಾಗ ಶೇವಂತಕ್ಕ, "ನಾ ಬೀಡಿ ಬಿಟ್ಟೆ, ಕೆಮ್ಮೂ ಹೋಯ್ತು. ಪಾಪ, ಅದಕ್ಕೆ ಯಾರು ಹೇಳೋರು?" ಅಂದಳಂತೆ.

ವರ್ಷಗಳು ಉರುಳಿದವು. ನನ್ನ ಹಲಗೆ ಮೆದುವಾಯಿತು, ಫೈಬರ್ ದೋಣಿ ಬಂತು. ಶಾನಭಾಗರು ಮೋಟಾರು ಬಿಚ್ಚಿಕೊಂಡು ನನ್ನನ್ನು ಗಣಪುವಿಗೇ ಬಿಟ್ಟುಕೊಟ್ಟರು. ಈಗ ಅವನೂ ಮುದುಕ. ನನ್ನ ಅಂಚಿನ ಮೇಲೆ ಕೂತು ಬಲೆ ಹೆಣೆಯುತ್ತಾನೆ.

ಈ ಮಳೆಗಾಲದ ಕೊನೆಗೆ ಸೇತುವೆಯ ದಾರಿಗೆ ಗುಡ್ಡ ಕುಸಿದು ಬಸ್ಸು ನಿಂತಿತ್ತು. ಮಧ್ಯಾಹ್ನ ಆಚೆ ದಡದಿಂದ "ಕೂ... ಹೋಯ್" ಬಂತು.

"ಕೂಗು, ಕೂಗು. ನಿಂಗೆ ಬೇರೆ ಕೆಲಸ ಇಲ್ಲ," ಎಂದು ಹಕ್ಕಿಯನ್ನು ಗದರಿದ ಗಣಪು ತಲೆಯೆತ್ತಲಿಲ್ಲ.

ಮತ್ತೆ ಕೂಗಿತು. ನಾನು ಕೆಮ್ಮಿಗೆ ಕಾದೆ. ಬರಲಿಲ್ಲ. ಬಲೆಯ ಮೇಲೆ ಗಣಪುವಿನ ಕೈ ನಿಂತಿತು.

"ಕೆಮ್ಮಲಿಲ್ಲ," ಎಂದವನೇ ಎದ್ದು ನನ್ನನ್ನು ನೀರಿಗೆ ನೂಕಿದ.

ಆಚೆ ದಡದಲ್ಲಿ ಶೇವಂತಕ್ಕ ಬುಟ್ಟಿಯ ಪಕ್ಕ ಮುಖ ಊದಿಸಿಕೊಂಡು ಕೂತಿದ್ದಳು. "ಹಕ್ಕಿ ಕರೆದ್ರೆ ಓಡಿ ಬರ್ತಿದ್ದೆ. ಮನುಷ್ಯರು ಕರೆದ್ರೆ ಕೂತೇ ಇರ್ತೀಯಾ?"

ಗಣಪು ಬುಟ್ಟಿ ಎತ್ತಿ ನನ್ನೊಳಗಿಟ್ಟ. ಅವನು ಹುಟ್ಟು ಹಾಕಿದ, ಅವಳು ತೆಂಗಿನ ಚಿಪ್ಪಿನಲ್ಲಿ ನನ್ನೊಳಗಿನ ನೀರು ಮೊಗೆದು ಚೆಲ್ಲಿದಳು. ದಾಟಿದೆವು.

ಈಗ ಮತ್ತೆ ದಡದಲ್ಲಿದ್ದೇನೆ. ಮೈ ಇನ್ನೂ ಆರಿಲ್ಲ. ಯಾರಾದರೂ ಕರೆದರೆ ಬರುತ್ತೇನೆ. ಸ್ವಲ್ಪ ಸೋರುತ್ತೇನೆ, ಅಷ್ಟೆ.